ಟಕಟಕ ಸದ್ದಿಗೆ ಬಂದವರು

ಇಷ್ಟಕ್ಕೆಲ್ಲ ಕಾರಣ ಒಂದು ಸ್ಕ್ರೂ. ಗ್ರಂಥಾಲಯದ ಗುಮಾಸ್ತ ರಜೆ ಬಂದಾಗಲೆಲ್ಲ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಬೆಂಚು ಮಾಡುತ್ತಿದ್ದ. ಅದರ ಕಾಲಿಗೆ ಅರ್ಧ ಇಳಿದ ಸ್ಕ್ರೂ ಮುನಿಸಿಕೊಂಡ ಅಳಿಯನಂತೆ ಅಲ್ಲೇ ಕೂತುಬಿಟ್ಟಿತು. ತಿರುಗಿಸಿ ತಿರುಗಿಸಿ ಗುಮಾಸ್ತನ ಮಣಿಕಟ್ಟು ಊದಿತು.

ಮೂರು ಜನ ಕೂರುವ ಬೆಂಚು ಅದು. ಮನೆಯಲ್ಲಿದ್ದವನು ಅವನೊಬ್ಬನೇ. ಇಪ್ಪತ್ತು ವರ್ಷ ಓದುಗರಿಗೆ "ಶ್..." ಎನ್ನುತ್ತ ಎನ್ನುತ್ತ ಅವನ ಮನೆಯ ಬಾಗಿಲು ಕೂಡ ಸದ್ದಿಲ್ಲದೆ ತೆರೆಯುವುದನ್ನು ಕಲಿತಿತ್ತು. ಅಲ್ಲಿ ಯಾರೋ ಇದ್ದಾರೆಂಬುದೇ ಬೀದಿಗೆ ಮರೆತುಹೋಗಿತ್ತು.

"ಈ ಇಂಪ್ಯಾಕ್ಟ್ ಡ್ರೈವರ್ ತಗೊಂಡ್ಹೋಗಿ ಸಾರ್," ಎಂದ ಹಾರ್ಡ್‌ವೇರ್ ಅಂಗಡಿಯವನು. "ವೈರಿಲ್ಲ, ಬ್ಯಾಟರೀದು. ತಿರುಗ್ತಾ ತಿರುಗ್ತಾ ಒಳಗಿಂದ್ಲೇ ಸುತ್ತಿಗೆ ಏಟು ಕೊಡುತ್ತೆ. ಗಟ್ಟಿ ಮರಕ್ಕೆ ಉದ್ದದ ಸ್ಕ್ರೂ ಸಲೀಸಾಗಿ ಇಳಿಯುತ್ತೆ. ತೆಳು ಹಲಗೆಗೆ ಮಾತ್ರ ಬೇಡ, ಸೀಳುತ್ತೆ. ಸದ್ದೂ ಜಾಸ್ತಿ."

"ಮನೆ ಮರಗೆಲಸಕ್ಕೆ ಒಗ್ಗುತ್ತಾ?"

"ಸಂಜೆವರೆಗೂ ಇಟ್ಕೊಂಡು ನೋಡಿ. ಒಗ್ಗಲಿಲ್ಲ ಅಂದ್ರೆ ವಾಪಸ್ ತನ್ನಿ."

ಅಜ್ಜಿಕತೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದಂತೆ ಇದರ ಪ್ರಾಣ ಬ್ಯಾಟರಿಯಲ್ಲಿತ್ತು. ಮನೆಗೆ ಬಂದು ಅದನ್ನು ಸಿಕ್ಕಿಸಿ ಗುಂಡಿ ಒತ್ತಿದ. ಟಕಟಕಟಕಟಕ! ಸ್ಕ್ರೂ ಮರದೊಳಗೆ ಮಾಯವಾಯಿತು.

ಯಾರೋ ಬಾಗಿಲು ಬಡಿದರು. ಈ ಬಾಗಿಲನ್ನು ಕೊನೆಯ ಸಲ ಯಾರು ಬಡಿದಿದ್ದರೆಂದು ಯೋಚಿಸುತ್ತಲೇ ತೆರೆದ. ಪಕ್ಕದ ಮನೆಯ ನರ್ಸಮ್ಮ, ಕೂದಲು ಕೆದರಿಕೊಂಡು ನಿಂತಿದ್ದಳು.

"ರಾತ್ರಿ ಪಾಳಿ ಮುಗಿಸಿ ಈಗ ತಾನೇ ಮಲಗಿದ್ದೆ ಕಣ್ರೀ! ಏನು, ಮರಕುಟಿಗ ಸಾಕಿದ್ದೀರಾ?"

"ಒಳಗೆ ಬನ್ನಿ ಅಕ್ಕಾ, ಕೂತ್ಕೊಂಡು ಬೈಯಿರಿ," ಎಂದ ಗುಮಾಸ್ತ. ಅವಳು ಬೆಂಚಿನ ಮೇಲೆ ಕೂತೇ ಬೈದಳು.

ಎರಡನೆಯ ಸ್ಕ್ರೂಗೆ ಎದುರು ಮನೆಯ ಹಾರ್ನ್ ತಾತ ಬಂದ. "ಮೂವತ್ತು ವರ್ಷ ಬಸ್ ಓಡಿಸ್ದೋನು ನಾನು, ನನ್ನ ಕಿವೀನೇ ಕೆಪ್ಪು ಮಾಡಿದ್ಯಲ್ಲೋ! ಅದ್ಯಾಕೆ ಹಾವು ಹಿಡಿದ ಹಾಗೆ ಹಿಡಿದಿದ್ದೀಯ? ಒತ್ತು, ಜೋರಾಗಿ ಒತ್ತು!"

"ಒತ್ತಿದ್ರೆ ಒಡೆಯುತ್ತೆ ತಾತ," ಎಂದಳು ನರ್ಸಮ್ಮ. "ನಾನು ಮೂಳೆ ವಾರ್ಡಿನೋಳು. ಮೊದ್ಲು ಸಣ್ಣ ತೂತು, ಆಮೇಲೆ ಸ್ಕ್ರೂ."

ಮೂರನೆಯದಕ್ಕೆ ಮಹಡಿಯ ಟೈಲರಮ್ಮ ಇಳಿದು ಬಂದಳು, ಕೈಯಲ್ಲೊಂದು ಶರ್ಟು ಹಿಡಿದು. "ನೋಡ್ರೀ! ನಿಮ್ಮ ಟಕಟಕಕ್ಕೆ ಕೈ ಅದುರಿ ತೋಳನ್ನ ಹೋಗಿ ಜೇಬಿಗೆ ಹೊಲಿದುಬಿಟ್ಟೆ!"

ಬೆಂಚು ತುಂಬಿತು. ಗುಮಾಸ್ತ ತಾತನ ಮಾತು ಕೇಳಿ ಮಿಕ್ಕ ತೆಳು ಹಲಗೆಗೆ ಜೋರಾಗಿ ಒತ್ತಿದ. ಹಲಗೆ ಎರಡು ಸೀಳಾಯಿತು. "ಹೇಳ್ಲಿಲ್ವಾ!" ಎಂದರು ಮೂವರೂ, ತಾತನೂ ಸೇರಿ. ಗುಮಾಸ್ತನಿಗೆ ಕಣ್ಣು ತುಂಬಿಬಂತು. ಎಷ್ಟು ವರ್ಷವಾಗಿತ್ತು, ಆ ಕೋಣೆಯಲ್ಲಿ ಇನ್ನೊಬ್ಬರ ದನಿ ಕೇಳಿ!

ಅವರು ಹೋದ ಮೇಲೆ ಕೋಣೆ ಮತ್ತೆ ಬಿಕೋ ಎಂದಿತು. ಬೆಂಚಿಗೆ ಇನ್ನು ಸ್ಕ್ರೂ ಬೇಕಿರಲಿಲ್ಲ. ಗುಮಾಸ್ತ ಒಂದು ರದ್ದಿ ಮರದ ತುಂಡಿಗೆ ಟಕಟಕ ಎನಿಸಿದ. ನರ್ಸಮ್ಮ ಓಡಿಬಂದಳು. ಇನ್ನೊಂದು ಟಕಟಕಕ್ಕೆ ತಾತ. ಸಂಜೆಯ ಹೊತ್ತಿಗೆ ಆ ತುಂಡು ಸ್ಕ್ರೂಗಳ ಮುಳ್ಳುಹಂದಿಯಾಗಿತ್ತು. ಗುಮಾಸ್ತ ತಲೆ ಬಾಚಿಕೊಂಡ. ಒಗ್ಗಿತು, ಚೆನ್ನಾಗಿಯೇ ಒಗ್ಗಿತು ಎಂದು ಅಂಗಡಿಯವನಿಗೆ ಹೇಳಿಬರಬೇಕು.

ಬಾಗಿಲು ತೆರೆದರೆ ಮೂವರೂ ನಗುತ್ತ ನಿಂತಿದ್ದರು. ತಾತನ ಕೈಯಲ್ಲೊಂದು ಡಬ್ಬ.

"ನಾವೆಲ್ಲ ಸೇರಿ ತಂದ ಉಡುಗೊರೆ ಕಣೋ. ಇದೂ ಸ್ಕ್ರೂ ಹಾಕೋ ಯಂತ್ರಾನೇ, ಆದ್ರೆ ಹೊಟ್ಟೇಲಿ ಎಣ್ಣೆ ಇದೆಯಂತೆ, ಸದ್ದು ಬೀದಿಗೆ ಕೇಳಲ್ಲ. ಆ ಟಕಟಕಾನ ಇಲ್ಲಿ ಕೊಡು, ನಾವೇ ವಾಪಸ್ ಮಾಡ್ತೀವಿ."

"ಬನ್ನಿ... ಕೂತ್ಕೊಳ್ಳಿ," ಎಂದ ಗುಮಾಸ್ತ.

"ಅಯ್ಯೋ, ಇನ್ನು ನಿಮಗ್ಯಾಕೆ ತೊಂದ್ರೆ!" ಎಂದಳು ಟೈಲರಮ್ಮ. ಮೂವರೂ ಹಳೆಯ ಯಂತ್ರ ತೆಗೆದುಕೊಂಡು, ಅವನ ಬಾಗಿಲನ್ನು ತಾವೇ ಜೋಪಾನವಾಗಿ ಎಳೆದುಕೊಂಡು ಹೋದರು.

ಗುಮಾಸ್ತ ಖಾಲಿ ಬೆಂಚಿನ ತುದಿಯಲ್ಲಿ ಕೂತು, ಹೊಸ ಯಂತ್ರವನ್ನು ಮುಳ್ಳುಹಂದಿಗೆ ಹಿಡಿದು ಗುಂಡಿ ಒತ್ತಿದ.

"ಶ್..." ಎಂದಿತು ಯಂತ್ರ.