ಅಕ್ಕಿಕಾಳು ಬೀಳುವಾಗ ಕ್ಯಾಮೆರಾ ನುಂಗುತ್ತಿತ್ತು

ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರದ ಸಂತೆಯ ಹಾಗೆ ತಪ್ಪದೆ ಬರುತ್ತದೆ. ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ. ರೀಲಿನ ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಎರಡು ಸಾವಿರದ ಐದಾರರ ಸುಮಾರಿಗೆ ಬೆಳಗಾವಿಗೆ ಹೋಗಿ ಡಿಜಿಟಲ್ ಕ್ಯಾಮೆರಾ ತಂದೆ. ಹೆಸರು ಕೆಡಲು ಶುರುವಾದದ್ದು ಅಲ್ಲಿಂದ.

ಆ ಕ್ಯಾಮೆರಾದ ಗುಂಡಿಯನ್ನು ಒತ್ತಿ ಹಿಡಿದರೆ ಟಕಟಕಟಕ ಎಂದು ಒಂದರ ಹಿಂದೊಂದು ಫೋಟೋ ತೆಗೆಯುತ್ತಿತ್ತು. ಅಂಗಡಿಯವನು, “ಇನ್ನ ನಿಮಗ ಯಾವದೂ ತಪ್ಪೂದಿಲ್ಲ ನೋಡ್ರಿ” ಎಂದಿದ್ದ. ಎಂಟೊಂಬತ್ತು ಫೋಟೋ ಆದ ಮೇಲೆ ಅದು ಗಪ್ಪಾಗುತ್ತದೆ, ಹಿಂಬದಿಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ, ಆಗ ಊರೇ ಮುಳುಗಿದರೂ ಅದು ಇನ್ನೊಂದು ಫೋಟೋ ತೆಗೆಯುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಇನ್ನೊಂದು ಮಾತು. ಆಗ ನನಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. “ಊರ ಮಂದಿ ಮ್ಯಾಲ ಅಕ್ಕಿಕಾಳ ಬೀಳೂದ ನೋಡಕೋತ ತಿರಗತಿ, ನಿನ್ನ ಮ್ಯಾಲ ಯಾವಾಗ ಬೀಳತಾವೋ?” ಎಂದು ಅವ್ವ ದಿನಾ ಕೇಳುವಳು. ಕೆಲಸದಲ್ಲಿ ಹೆಸರು ಛಲೋ ಇದ್ದರೆ ಹೆಣ್ಣು ಕೊಡುವವರು ತಾವೇ ಬರುತ್ತಾರೆ ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಪೈಲವಾನ

ಮನೋಳಿಯಲ್ಲಿ ಕುಸ್ತಿ ಇತ್ತು. ಸವದತ್ತಿಯ ಪೈಲವಾನನೊಬ್ಬ ಕಣಕ್ಕೆ ಇಳಿಯುವ ಮೊದಲು ನನ್ನ ಹತ್ತಿರ ಬಂದ. “ಅಣ್ಣಾರ, ನಾ ಅಂವನ್ನ ಎತ್ತಿ ಒಗದದ್ದ ಫೋಟೋ ಬೇಕ ನೋಡ್ರಿ. ದೊಡ್ಡದ ಮಾಡಿಸಿ ಮನ್ಯಾಗ ಹಾಕತೇನಿ.”

ಇಬ್ಬರೂ ಕುತ್ತಿಗೆಗೆ ಕೈ ಹಾಕಿ ನಿಂತರು. ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ನಾನು ಗುಂಡಿ ಒತ್ತಿ ಹಿಡಿದೆ. ಅವರು ಅಲ್ಲಾಡಲಿಲ್ಲ. ಟಕಟಕ ನಿಂತು ಕೆಂಪು ದೀಪ ಮಿಣುಕಿದ ಮರುಗಳಿಗೆಗೆ ಪೈಲವಾನ ಎದುರಾಳಿಯನ್ನು ಹೆಗಲಿಗಿಂತ ಮೇಲೆ ಎತ್ತಿಬಿಟ್ಟ. ಎತ್ತಿದವನು ಒಗೆಯಲೂ ಇಲ್ಲ, ಪುಣ್ಯಾತ್ಮ. ನನ್ನ ಕಡೆ ತಿರುಗಿ, ಮುಖದ ತುಂಬ ನಗು ತಂದುಕೊಂಡು, ಫೋಟೋಕ್ಕೆಂದೇ ನಿಂತ. ನಾನು ಗುಂಡಿ ಒತ್ತಿದೆ, ಒತ್ತಿದೆ, ಕ್ಯಾಮೆರಾಕ್ಕೆ ಕೈಮುಗಿಯುವುದೊಂದು ಬಾಕಿ. ಕೊನೆಗೆ ಕೈ ಸೋತು ಎದುರಾಳಿಯನ್ನು ಒಗೆದ, ಜನ ಕೇಕೆ ಹಾಕಿದರು. ಕ್ಯಾಮೆರಾಕ್ಕೆ ಮತ್ತೆ ಜೀವ ಬರುವ ಹೊತ್ತಿಗೆ ಸೋತವನು ಎದ್ದು ಮೈಮೇಲಿನ ಮಣ್ಣು ಝಾಡಿಸುತ್ತಿದ್ದ. ಗೆದ್ದವನು ದಣಿದು ನೆಲಕ್ಕೆ ಕುಳಿತಿದ್ದ.

ನಾಲ್ಕು ದಿನ ಬಿಟ್ಟು ಪೈಲವಾನ ಸ್ಟುಡಿಯೋಕ್ಕೆ ಬಂದ. ಫೋಟೋಗಳನ್ನು ಹಿಂದೆ ಮುಂದೆ ತಿರುವಿ ನೋಡಿದ.

“ಇದ್ರಾಗ ಗೆದ್ದಾಂವ ಯಾರ್ರಿ?”

“ನೀವರಿ.”

“ಹಂಗಂತ ಫೋಟೋದ ಬುಡಕ ಬರದ ಕೊಡ್ರಿ.”

ಜಿಲೇಬಿ

ನಮ್ಮ ಕಡೆಯ ಮದುವೆಗಳಲ್ಲಿ ಮಂಗಲಾಷ್ಟಕ ಯಾವಾಗ ಮುಗಿಯುತ್ತದೆ ಎಂಬುದು ದೇವರಿಗೂ ಗೊತ್ತಿರುವುದಿಲ್ಲ. ಪ್ರತಿ ನುಡಿಯ ಕೊನೆಗೆ ‘ಶುಭಮಂಗಲ ಸಾವಧಾನ’ ಬರುತ್ತದೆ, ಜನ ಮದುಮಕ್ಕಳ ಮೇಲೆ ಅಕ್ಷತೆಯ ನಾಲ್ಕು ಅಕ್ಕಿಕಾಳು ಒಗೆಯುತ್ತಾರೆ. ಮದುವೆ ಮಾಡಿಸುವ ಅಯ್ಯನವರದು ಮುಗಿಯಿತು ಎನ್ನುವಾಗ ಮದುಮಗಳ ಅತ್ತೆಯೊಬ್ಬಳು ಮೈಕ್ ಕಸಿದು ತಾನೇ ಕಟ್ಟಿದ ನುಡಿ ಹಾಡುತ್ತಾಳೆ. ಅವಳದು ಆದ ಮೇಲೆ ಚಿಗವ್ವ. ಕಟ್ಟಕಡೆಯ ‘ಸಾವಧಾನ’ಕ್ಕೆ ಇಡೀ ಮಂಟಪ ಒಮ್ಮೆಲೇ ಮುಷ್ಟಿ ಬಿಚ್ಚುತ್ತದೆ, ಬ್ಯಾಂಡ್ ಬಡಿಯುತ್ತದೆ. ಆಲ್ಬಮ್ಮಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಆ ಫೋಟೋವನ್ನು.

ನೇಸರಗಿಯ ಮದುವೆಯೊಂದರಲ್ಲಿ ನಾನು ಪ್ರತಿ ‘ಸಾವಧಾನ’ಕ್ಕೂ ಗುಂಡಿ ಒತ್ತಿ ಹಿಡಿದೆ. ಕಡೆಯದು ಬಂದಾಗ ಕೆಂಪು ದೀಪ.

ಮುಖ ಸಣ್ಣದು ಮಾಡಿಕೊಂಡು ಊಟಕ್ಕೆ ಕುಳಿತೆ. ಪಂಕ್ತಿಯಲ್ಲಿ ಕುಳಿತವರ ಬಾಯಿಗೆ ಒತ್ತಾಯದಿಂದ ಸಿಹಿ ಹಾಕುವುದು ನಮ್ಮ ಉಪಚಾರದ ರೀತಿ. ಮದುಮಗಳ ಅಪ್ಪ ಬಂದವರೇ ನನ್ನ ಬಾಯಿಗೊಂದು ಜಿಲೇಬಿ ಹಾಕಿದರು. ಅದನ್ನು ನುಂಗುವ ಮೊದಲು ಇನ್ನೊಂದು. ಅದರ ಮೇಲೆ ಮತ್ತೊಂದು ತುರುಕಿ, “ಅಕ್ಕಿಕಾಳ ಬಿದ್ದಾಗಿನ ಫೋಟೋ ಛಲೋ ಬಂದಾವಲ್ರಿ?” ಎಂದು ಕೇಳಿದರು. ಬಾಯಿ ಬಿಡಲು ಬರುವಂತಿರಲಿಲ್ಲ, ಕಣ್ಣು ಕೆಂಪಗಾದವು.

ಕ್ಯಾಮೆರಾದ ಕಷ್ಟ ನನಗೆ ಅರ್ಥವಾದದ್ದು ಆಗ. ಅದು ಫೋಟೋಗಳನ್ನು ಮೊದಲು ಬಾಯಿಗೆ ತುಂಬಿಕೊಳ್ಳುತ್ತದೆ. ಆಮೇಲೆ ಒಂದೊಂದಾಗಿ ಒಳಗಿನ ಕಾರ್ಡಿಗೆ ನುಂಗುತ್ತದೆ. ಬಾಯಿ ಸಣ್ಣದು, ಗಂಟಲು ಇನ್ನೂ ಸಣ್ಣದು. ನುಂಗಿ ಮುಗಿಯುವ ತನಕ ನಾನು ಎಷ್ಟು ಒತ್ತಿದರೂ ಅಷ್ಟೇ. ಇಷ್ಟು ತಿಳಿಯುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಮದುಮಗಳ ಅಪ್ಪ ನನ್ನ ಬೆನ್ನು ಸವರಿದರು. “ಮಗಳನ್ನ ಕೊಟ್ಟ ಕಳಸಾಂವ ನಾನು. ನೀವ್ಯಾಕ ಅಳಾಕ ಹತ್ತೀರಿ?”

ಹಾರ

ಅರ್ಥವಾಯಿತಲ್ಲ, ಇನ್ನು ಹೆದರಿಕೆ ಇಲ್ಲ ಎಂದುಕೊಂಡೆ. ಅರ್ಥವಾದದ್ದೇ ದೊಡ್ಡ ಕೇಡಾಯಿತು.

ರಾಮದುರ್ಗದ ಶಾಲೆಯೊಂದರಲ್ಲಿ ಹೆಡ್ ಮಾಸ್ತರರ ನಿವೃತ್ತಿ ಸಮಾರಂಭ. ಶಾಲು ಹೊದಿಸುವಾಗ ಆಸೆ ತಡೆಯದೆ ಟಕಟಕ ಮಾಡಿಬಿಟ್ಟೆ. ಕೂಡಲೇ ಅತಿಥಿಗಳು ಹಾರ ಎತ್ತಿದರು. ಕೆಂಪು ದೀಪ ನೋಡಿ ನಾನು, “ನಿಲ್ಲರಿ, ನಿಲ್ಲರಿ, ಕ್ಯಾಮೆರಾ ನುಂಗಾಕ ಹತ್ತೇತಿ” ಎಂದು ಕೈ ಅಡ್ಡ ಮಾಡಿದೆ. ಅತಿಥಿಗಳು ಹಾರ ಹಿಡಿದ ಹಾಗೇ ನಿಂತರು. ಮಾಸ್ತರರು ಕೊರಳು ಬಗ್ಗಿಸಿದ ಹಾಗೇ ನಿಂತರು. ಚಪ್ಪಾಳೆ ಹೊಡೆಯುತ್ತಿದ್ದ ಹುಡುಗರು ಹೊಡೆದು ಹೊಡೆದು ಸುಮ್ಮನಾದರು. ಹಾರ ಭಾರದ್ದು, ಅತಿಥಿಗಳ ಕೈ ನಡುಗತೊಡಗಿ ಮಾಸ್ತರರ ತಲೆಯ ಮೇಲೆ ಚೆಂಡುಹೂವಿನ ಎಸಳು ಉದುರುತ್ತಿದ್ದವು.

ಮಾಸ್ತರರು ಬಗ್ಗಿದಲ್ಲಿಂದಲೇ ಹೇಳಿದರು: “ತಮ್ಮಾ, ಸರಕಾರದವರು ಸುದ್ದಾ ನನ್ನ ಇಷ್ಟ ತಡಾ ಮಾಡಲಿಲ್ಲ. ಟೈಮಿಗೆ ಸರಿಯಾಗಿ ಬಿಟ್ಟಾರ.”

ಉಪ್ಪಿಟ್ಟು

ಇಷ್ಟರಲ್ಲಿ ಸವದತ್ತಿಯಿಂದ ಒಂದು ಹೆಣ್ಣಿನ ಮಾತು ಬಂತು. ಅವ್ವನನ್ನು ಕರೆದುಕೊಂಡು ಹೋದೆ. ಮನೆ ಛಲೋ ಇತ್ತು, ಉಪ್ಪಿಟ್ಟೂ ಛಲೋ ಇತ್ತು. ಹುಡುಗಿ ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದಳು, ನನಗೆ ಜೀವ ಹಗುರಾಯಿತು. ಅವಳಪ್ಪ, “ಫೋಟೋದ ಕೆಲಸಾ ಹೆಂಗ ನಡದೇತ್ರಿ?” ಎಂದು ಕೇಳುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಹುಡುಗಿಯ ಅಣ್ಣ ಬಂದ. ಬಾಗಿಲಿಗೆ ಅಡ್ಡಾಗುವಷ್ಟು ಮೈ. ಮನೋಳಿಯ ಕುಸ್ತಿಯಲ್ಲಿ ಗೆದ್ದ ಅದೇ ಪೈಲವಾನ.

ನನ್ನನ್ನು ನೋಡಿದ. ಗೋಡೆಯ ಮೇಲೆ ಫೋಟೋಕ್ಕೆಂದು ಹೊಡೆದಿಟ್ಟ ಬರಿ ಮೊಳೆಯನ್ನು ನೋಡಿದ. ಅಪ್ಪನಿಗೆ ಹೇಳಿದ: “ಇವರಿಗೆ ಕೊಡೂದ ಬ್ಯಾಡ. ಮದುವಿ ಆಗೇತಿ ಅಂತ ನಾಳೆ ಯಾರರ ಕೇಳಿದ್ರ, ತೋರಸಾಕ ಏನ ಇರತೇತಿ?”

ಅಕ್ಕಿಕಾಳು

ಆಮೇಲೆ ಅವ್ವ ನನ್ನ ದಾರಿ ಕಾಯ್ದು ಸಾಕಾಗಿ ತಮ್ಮನ ಮದುವೆ ಗೊತ್ತು ಮಾಡಿದಳು, ಕಿತ್ತೂರಿನ ಹುಡುಗಿ. ಅಣ್ಣನಿದ್ದಾಗ ತಮ್ಮನ ಮದುವೆ. ಬಂದವರೆಲ್ಲ ನನ್ನನ್ನು ಕಂಡು ಸತ್ತ ಮನೆಗೆ ಬಂದವರ ಹಾಗೆ ದನಿ ಇಳಿಸುತ್ತಿದ್ದರು. ನನಗೂ ಒಳಗೊಳಗೆ ಹಾಗೇ ಆಗಿತ್ತು.

ಒಂದೇ ಆಸೆ ಉಳಿದಿತ್ತು. ಮದುಮಗಳ ಸೋದರಮಾವನಿಗೆ ಒಬ್ಬಳು ಮಗಳಿದ್ದಳು. ಆತ ಅವ್ವನ ಮುಂದೆ, “ಮದ್ಲ ತಮ್ಮನ ಮದುವಿ ಫೋಟೋ ಹೆಂಗ ತಗೀತಾರ ನೋಡೂಣ್ರಿ. ಆಮ್ಯಾಲ ಅವರ ಮದುವಿ ಮಾತು” ಎಂದಿದ್ದ.

ಆ ಒಂದು ಫೋಟೋ ತಪ್ಪಬಾರದು ಎಂದು ಬೆಳಿಗ್ಗೆಯೇ ಅಯ್ಯನವರ ಹತ್ತಿರ ಹೋದೆ. ಬಾಯಿ, ಗಂಟಲು, ಜಿಲೇಬಿ ಎಲ್ಲ ವಿವರಿಸಿ, “ಕಡೀ ಸಾವಧಾನದ ಮದ್ಲ ಒಂದೀಟ ನನ್ನ ಕಡೆ ನೋಡ್ರಿ” ಎಂದೆ. ಅಯ್ಯನವರು ಸಜ್ಜನರು. “ಕಾಳಜಿ ಮಾಡಬ್ಯಾಡ್ರಿ, ಅದು ನುಂಗಿದ ಮ್ಯಾಲ ನಾ ಅಂತೇನಿ” ಎಂದರು.

ಮಂಗಲಾಷ್ಟಕ ಶುರುವಾಯಿತು. ನಾನು ಗುಂಡಿಯಿಂದ ಬೆರಳು ತೆಗೆದು ಕಲ್ಲಾಗಿ ನಿಂತೆ. ಅತ್ತೆ ಹಾಡಿದಳು, ಚಿಗವ್ವ ಹಾಡಿದಳು, ನಾನು ಅಲ್ಲಾಡಲಿಲ್ಲ. ಆದರೆ ಚಿಗವ್ವನ ಎತ್ತರದ ದನಿಗೆ ಬ್ಯಾಂಡಿನವರು ಮೋಸ ಹೋಗಿ ಢಮ್ಮೆಂದು ಬಡಿದುಬಿಟ್ಟರು. ಬೆರಳು ನನ್ನ ಮಾತು ಕೇಳಲಿಲ್ಲ. ಟಕಟಕಟಕ. “ಏ, ನಿಲ್ಲಸ್ರೋ, ಇನ್ನೊಂದ ಐತಿ” ಎಂದರು ಅಯ್ಯನವರು.

ಕೆಂಪು ದೀಪ ಮಿಣುಕತೊಡಗಿತು.

ಅಯ್ಯನವರು ಕಡೆಯ ನುಡಿ ಹಾಡಿ, ‘ಶುಭಮಂಗಲ’ ಎನ್ನುವ ತನಕ ಬಂದು, ಕೊಟ್ಟ ಮಾತು ನೆನಪಾಗಿ ನಿಂತರು. ಸುಮ್ಮನೆ ನನ್ನ ಕಡೆ ನೋಡಿದ್ದರೆ ಸಾಕಿತ್ತು. ಮೈಕಿನಲ್ಲೇ ಕೇಳಿದರು: “ಫೋಟೋದವರ, ನಿಮ್ಮ ಕ್ಯಾಮೆರಾ ನುಂಗಿತೇನ್ರಿ?”

ಇಡೀ ಮಂಟಪ ನನ್ನ ಕಡೆ ತಿರುಗಿತು. ಮದುಮಗ, ಮದುಮಗಳು, ಬೀಗರು, ಬ್ಯಾಂಡಿನವರು, ಸೋದರಮಾವ, ಎಲ್ಲರೂ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ನನ್ನನ್ನೇ ನೋಡುತ್ತ ನಿಂತರು.

“ಇನ್ನೂ ಇಲ್ರಿ” ಎಂದೆ.

ಯಾರೋ ಕಿಸಕ್ಕೆಂದರು. “ನೀರ ಕುಡಸ್ರಿ ಅದಕ್ಕ” ಎಂದು ಹಿಂದಿನಿಂದ ಒಬ್ಬ ಕೂಗಿದ. ಬಾಸಿಂಗದ ಕೆಳಗೆ ತಮ್ಮನ ಹೆಗಲು ನಗೆಯಿಂದ ಅಲುಗುತ್ತಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸುವಾಗ ದೀಪ ಆರಿತು.

“ಆತ್ರೀ!”

“ಸಾವಧಾನ!” ಎಂದರು ಅಯ್ಯನವರು. ನಾನು ಗುಂಡಿ ಒತ್ತಿ ಹಿಡಿದೆ. ಮೊದಲ ಮುಷ್ಟಿಯನ್ನು ನಗುತ್ತ ನನ್ನ ಮೇಲೆ ಒಗೆದವನು ನನ್ನ ತಮ್ಮನೇ. ಹೇಗೂ ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಇಡೀ ಮಂಟಪದ ಅಕ್ಕಿಕಾಳು ಒಮ್ಮೆಲೇ ನನ್ನ ಮೇಲೆ ಬಿತ್ತು, ಬ್ಯಾಂಡ್ ಬಡಿಯಿತು. ಆ ದಿನ ಕ್ಯಾಮೆರಾ ಒಂದನ್ನೂ ತಪ್ಪಿಸಲಿಲ್ಲ.

ಸೋದರಮಾವ ಅಲ್ಲೇ ಕ್ಯಾಮೆರಾ ಇಸಿದುಕೊಂಡು ಒಂದೊಂದಾಗಿ ನೋಡಿದ. ಎಲ್ಲದರಲ್ಲೂ ಬಿಳಿ ಚುಕ್ಕೆಗಳು, ಅವುಗಳ ಹಿಂದೆ ಎಲ್ಲೋ ಮದುಮಕ್ಕಳು. “ಮದುವಿ ತಮ್ಮಂದೋ, ನಿಮ್ಮದೋ?” ಎಂದು ಕೇಳಿ, ಕ್ಯಾಮೆರಾ ನನ್ನ ಕೈಗಿಟ್ಟು ಊಟಕ್ಕೆ ನಡೆದ. ಮಗಳ ಮಾತು ಮತ್ತೆ ಎತ್ತಲಿಲ್ಲ.

ನಾನು ಒಂದು ಕಂಬಕ್ಕೆ ಒರಗಿ ಕುಳಿತೆ. ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಕೂದಲಲ್ಲಿ ಸಿಕ್ಕಿದ್ದ ಅಕ್ಕಿಕಾಳನ್ನು ಝಾಡಿಸಲು ಕೈ ಎತ್ತಿದೆ. ಅವಳು ಕೈ ಹಿಡಿದಳು.

“ಇರಲಿ ಬಿಡೋ. ಮತ್ತ ಯಾವಾಗ ಬೀಳತಾವೋ ಏನೋ.”