ತಪ್ಪಾಗಿ ಬಾರಿಸಿದ ವಿಜಯದ ಗಂಟೆ

ಹಿತ್ತಿಲ ಗೋಡೆಯಾಚೆಯ ಹಾದಿಯಲ್ಲಿ ಪರೀಕ್ಷೆಗೆ ಬಿಟ್ಟ ರೇಸು ಕಾರೊಂದು ಕಿರುಚಿಕೊಂಡು ಹೋಯಿತು. ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು. ಆ ಗುರುವಾರ ನಮ್ಮ ಮನೆಯಲ್ಲಿ ಬಾಯಿಬಿಟ್ಟದ್ದು ಆ ಗಾಜೊಂದೇ. ನಾನು ಅಲ್ಲೇ ಶಪಥ ಮಾಡಿದೆ: ಬರುವ ಭಾನುವಾರ ಈ ಮೇಜಿನ ಸುತ್ತ ಹತ್ತು ಜನರನ್ನು ಕೂರಿಸಿ ರೇಸು ತೋರಿಸದಿದ್ದರೆ ನಾನು ಮೀರ್ನಾ ಅಲ್ಲ!

ನಮ್ಮದು ಕೆಂಪು ಕಾರು ತಯಾರಾಗುವ ಊರು. ಕೆಂಪು ಕಾರು ಗೆದ್ದರೆ ಪಾದ್ರಿ ಎರ್ಮೆಸ್ ಚರ್ಚಿನ ಗಂಟೆ ಬಾರಿಸುತ್ತಾರೆ, ಊರಿಗೆ ಊರೇ ಚೌಕಕ್ಕೆ ಓಡಿಬರುತ್ತದೆ. ಹಾಗೆ ಗಂಟೆ ಬಾರಿಸಿ ಎರಡು ವರ್ಷವಾಗಿತ್ತು. ಯಾವ ಭಾನುವಾರ ನೋಡಿದರೂ ನೀಲಿ ಕಾರಿಗೇ ಗೆಲುವು. ರೇಸಿನ ನಡುವೆ ಆ ನೀಲಿ ಕಾರು ನಿಂತಾಗ ಅದರ ಹಿಂಬದಿಯ ಎಡ ಚಕ್ರ ಬದಲಿಸುವವನು ನನ್ನ ಗಂಡ ಲೋರಿಸ್! ಮೊದಲು ಕೆಂಪಿನವರ ಬಳಿ ಇದ್ದ. ಎರಡು ವರ್ಷದ ಹಿಂದೆ ನೀಲಿಯವರು ಕರೆದರೆಂದು ಇಂಗ್ಲೆಂಡಿಗೆ ಹೋದ. ಅಂದಿನಿಂದ ನಮ್ಮ ಮನೆಗೆ ರೇಸು ನೋಡಲು ಬರುತ್ತಿದ್ದವರಿಗೆಲ್ಲ ಒಟ್ಟಿಗೇ ಮಂಡಿನೋವು ಶುರುವಾಯಿತು.

ಹತ್ತು ಜನರಿಗೆಂದು ಹಿಟ್ಟಿನ ಹಾಳೆಯೊಳಗೆ ಮಾಂಸ ತುಂಬಿ ಟೋರ್ಟೆಲ್ಲಿನಿ ಮಡಚಿದೆ, ಕೋಳಿಯ ಸಾರು ಕಾಯಿಸಿದೆ. ಬಂದವರು ಇಬ್ಬರು: ಪಕ್ಕದ ಮನೆಯ ಸಿನ್ಯೋರಾ ವಿಲ್ಮಾ ಮತ್ತು ಪಾದ್ರಿ ಎರ್ಮೆಸ್.

"ಸಾರು ಚೆನ್ನಾಗಿದೆ ಅಂತ ಬಂದೆ ಕಣೇ, ರೇಸಿಗಲ್ಲ," ಎಂದರು ವಿಲ್ಮಾ. "ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಿದ್ರೆ ನೋಡೋದೇನು, ಮಣ್ಣು?"

"ಹಿಂದೆ ನಮ್ಮವರು ಐದು ವರ್ಷ ಬಿಡದೆ ಗೆದ್ದರಲ್ಲ, ಆಗ ಬೇಜಾರಾಗಿತ್ತಾ?"

"ಅದು ಬೇರೆ! ಅದು ಭಕ್ತಿ!"

"ಆಮೆನ್," ಎಂದರು ಪಾದ್ರಿ, ತಟ್ಟೆಯಿಂದ ತಲೆಯೆತ್ತದೆ.

ಹತ್ತನೆಯ ಸುತ್ತಿಗೆ ನೀಲಿ ಕಾರು ಇಪ್ಪತ್ತು ಸೆಕೆಂಡು ಮುಂದಿತ್ತು. ಇಪ್ಪತ್ತನೆಯ ಸುತ್ತಿಗೆ ವಿಲ್ಮಾರ ಗದ್ದ ಎದೆಗಿಳಿದಿತ್ತು. ಮೂವತ್ತನೆಯದಕ್ಕೆ ಪಾದ್ರಿಗಳು ಶೂ ಬಿಚ್ಚಿ ಸೋಫಾದ ಮೇಲೆ ಗೊರಕೆಯಲ್ಲಿ ಪೂಜೆ ನಡೆಸಿದ್ದರು. ಚಕ್ರ ಬದಲಿಸುವಾಗ ಲೋರಿಸ್ ಎರಡು ಸೆಕೆಂಡು ಕಂಡ. ಶಿರಸ್ತ್ರಾಣದೊಳಗೆ ಅವನೋ, ಇನ್ನೊಬ್ಬನೋ, ಯಾರಿಗೆ ಗೊತ್ತು?

ಕೊನೆಯ ಸುತ್ತುಗಳು ಬಂದರೂ ಯಾರೂ ನೋಡುತ್ತಿಲ್ಲವಲ್ಲ ಎಂದು ನಾನು ಕಳ್ಳಕೆಲಸ ಮಾಡಿದೆ. ಇದೇ ಟ್ರ್ಯಾಕಿನಲ್ಲಿ ಆರು ವರ್ಷದ ಹಿಂದೆ ಕೆಂಪು ಗೆದ್ದ ರೇಸಿನ ಕೊನೆಯ ಭಾಗದ ರೆಕಾರ್ಡಿಂಗ್ ಹಾಕಿದೆ. ಅದರಲ್ಲಿ ಲೋರಿಸ್ ಕೆಂಪು ಬಟ್ಟೆಯಲ್ಲಿದ್ದಾನೆ; ಚಕ್ರ ಬದಲಿಸಿ ಕ್ಯಾಮೆರಾ ಕಡೆ ತಿರುಗಿ ನಗುತ್ತಾನೆ. ಒಂಟಿ ಸಂಜೆಗಳಲ್ಲಿ ನಾನು ನೋಡುವುದು ಅದನ್ನೇ. ಅವನು ನಕ್ಕ. ನಾನೂ ನಕ್ಕೆ. ಟೀವಿಯನ್ನು ಹಾಗೇ ಬಿಟ್ಟು ಸಾರು ಬಿಸಿ ಮಾಡಲು ಒಳಗೆ ಹೋದೆ.

"ಗೆದ್ರು! ಕೆಂಪು ಗೆದ್ದುಬಿಡ್ತು!" ಪಾದ್ರಿಗಳ ಕೂಗು.

ಸೌಟು ಹಿಡಿದು ಓಡಿಬಂದರೆ ಸೋಫಾ ಖಾಲಿ. ಪಾದ್ರಿಗಳು ಒಂದೇ ಶೂ ಹಾಕಿಕೊಂಡು ಬೀದಿ ದಾಟುತ್ತಿದ್ದರು.

"ಫಾದರ್! ಅದು ಹಳೇದು! ಫಾದರ್!"

ಅರವತ್ತೆಂಟು ವರ್ಷದ ಮನುಷ್ಯ ಒಂಟಿ ಶೂನಲ್ಲಿ ಅಷ್ಟು ವೇಗ ಓಡಬಲ್ಲರೆಂದು ಕೆಂಪಿನವರಿಗೆ ತಿಳಿದಿದ್ದರೆ ಅವರನ್ನೇ ಟ್ರ್ಯಾಕಿಗೆ ಇಳಿಸುತ್ತಿದ್ದರು! ನಾನು ಚೌಕ ತಲುಪುವಷ್ಟರಲ್ಲಿ ಗಂಟೆ ಮೊಳಗುತ್ತಿತ್ತು. ಬಾಗಿಲುಗಳು ತೆರೆದವು, ಬಾವುಟಗಳು ಹೊರಬಂದವು. ಊರಲ್ಲಿ ಯಾರೂ ಟೀವಿ ನೋಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎರಡು ವರ್ಷ ನನ್ನ ಕಂಡು ರಸ್ತೆ ದಾಟುತ್ತಿದ್ದ ಹೆಂಗಸರು ನನ್ನ ಕೆನ್ನೆಗೆ ಮುತ್ತಿಟ್ಟರು. "ನಿನ್ನ ಗಂಡ ಸೋತನಂತಲ್ಲ, ಒಳ್ಳೇದಾಯ್ತು ಬಿಡೇ!" ಎಂದು ಯಾರೋ ಅಪ್ಪಿಕೊಂಡರು. ಆ ಅಪ್ಪುಗೆಯೊಳಗೆ ಸತ್ಯ ಹೇಳಲು ನನಗೆ ಬಾಯಿ ಬರಲಿಲ್ಲ.

ಹೇಳಿದ್ದು, ನಿದ್ದೆಯಿಂದೆದ್ದು ಚೌಕಕ್ಕೆ ಓಡಿಬಂದ ವಿಲ್ಮಾ. "ಮೀರ್ನಾ! ಟೀವಿಯಲ್ಲಿ ಹಾಕಿದ್ದೀಯಲ್ಲ, ಅದು ಯಾವ ವರ್ಷದ್ದೇ?"

ಎತ್ತಿದ ಬಾವುಟಗಳು ಒಂದೊಂದಾಗಿ ಇಳಿದವು. ಗಂಟೆ ಮಾತ್ರ ಬಡಿಯುತ್ತಲೇ ಇತ್ತು. ಆಗ ನನ್ನ ಫೋನು ಹೊಡೆದುಕೊಂಡಿತು. ಲೋರಿಸ್.

"ಗೆದ್ವಿ ಮೀರ್ನಾ. ಪೆಟ್ಟಿಗೆ ಕಟ್ತಾ ಇದೀವಿ. ಇಲ್ಲಿ ಯಾರೂ ಕುಣಿಯೋದೂ ಇಲ್ಲ ಈಗ, ಎಲ್ಲರಿಗೂ ಅಭ್ಯಾಸ ಆಗಿಹೋಗಿದೆ." ಥಟ್ಟನೆ ನಿಲ್ಲಿಸಿದ. "ಏನದು ಸದ್ದು? ನಮ್ಮೂರ ಗಂಟೆ ಅಲ್ವಾ?"

"ಹೂಂ."

"ನಾವು ಗೆದ್ದಿದ್ದಕ್ಕೆ ಬಾರಿಸ್ತಿದಾರಾ?" ಅವನ ದನಿ ಒಡೆಯಿತು. "ನನ್ನನ್ನ ಕ್ಷಮಿಸಿಬಿಟ್ರಾ ಎಲ್ಲಾರೂ?"

ಊರಿಗೆ ಊರೇ ನನ್ನ ಮುಖ ನೋಡುತ್ತಿತ್ತು. ನಾನು ಫೋನಿಗೆ ಅಂಗೈ ಮುಚ್ಚಿದೆ. "ಗಂಟೆ ತನಗೋಸ್ಕರ ಅಂದ್ಕೊಂಡಿದಾನೆ," ಎಂದೆ.

ಯಾರೂ ನಗಲಿಲ್ಲ. ವಿಲ್ಮಾ ಮೂಗೊರೆಸಿಕೊಂಡು, "ಅಯ್ಯೋ, ನಿಂತ್ಕೊಂಡು ಏನ್ ನೋಡ್ತೀಯೇ? ಹೋಗು, ಗಂಟೆ ನಿಲ್ಲಿಸಿಬಿಡ್ತಾರೆ ಫಾದರ್!" ಎಂದು ನನ್ನನ್ನು ತಳ್ಳಿದರು.

ಚರ್ಚಿನ ಬಾಗಿಲೊಳಗೆ, ವಿಲ್ಮಾರ ಮಾತು ಕೇಳಿಸಿಕೊಂಡಿದ್ದ ಪಾದ್ರಿಗಳು ನಾಚಿಕೆಯಿಂದ ಕೆಂಪಾಗಿ ಗಂಟೆಯ ಸ್ವಿಚ್ಚಿಗೆ ಕೈ ಚಾಚಿದ್ದರು. "ಫಾದರ್, ಬೇಡಿ, ಇನ್ನೊಂದೈದು ನಿಮಿಷ ಬಡೀಲಿ, ನನ್ನ ತಪ್ಪನ್ನ ಆಮೇಲೆ ಬೈಯ್ರಿ, ಈಗ ಮಾತ್ರ ಆ ಸ್ವಿಚ್ಚಿಂದ ಕೈ ತೆಗೀರಿ!" ಎನ್ನುತ್ತ ನಾನು ಮೆಟ್ಟಿಲು ಹತ್ತಿ ಅವರ ಕೈ ಹಿಡಿದೆ, ಫೋನನ್ನು ಗಂಟೆಯ ಸದ್ದಿನ ಕಡೆಗೆ ಎತ್ತಿದೆ.