ಹೊಳೆಯ ನಡುವೆ ರೇಡಿಯೋ ರಿಪೇರಿ

ಯಂತ್ರ ಎಂದ ಮೇಲೆ ಅದಕ್ಕೆ ಎಣ್ಣೆ ಹಚ್ಚಲೇಬೇಕು ಎಂದು ನಂಬುವ ಮನೆಗೆ ನಾನು ಸೊಸೆಯಾಗಿ ಬಂದವಳು. ಮಳೆಗಾಲದಲ್ಲಿ ಬೀಗದ ಕೈಗೂ ತುಕ್ಕು ಹಿಡಿಯುವ ಪಾಣೆಮಂಗಳೂರಿನಲ್ಲಿ ಅದು ತಪ್ಪೆಂದು ಹೇಳಲಾರೆ. ಬಾಗಿಲಿನ ಚಿಲಕ, ಅಡಕೆ ಕತ್ತರಿ, ನನ್ನ ಯಜಮಾನರ ಜವಳಿ ಅಂಗಡಿಯ ಹೊಲಿಗೆ ಮೆಷಿನ್, ಅತ್ತೆಯ ಮಂಡಿ, ಎಲ್ಲಕ್ಕೂ ಒಂದೇ ಬಾಟಲಿಯ ತೆಂಗಿನೆಣ್ಣೆ. ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಫಿಸಿಕ್ಸ್ ಕಲಿತಿದ್ದ ನಾನು ಇದನ್ನು 'ವೆರಿ ಅನ್‌ಸೈಂಟಿಫಿಕ್' ಎಂದು ಮನಸ್ಸಿನೊಳಗೇ ಹೇಳಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಏನು ಹೇಳಿದರೂ ಅತ್ತೆ ಅದನ್ನು ಬೈಗುಳವೆಂದೇ ತಿಳಿಯುತ್ತಿದ್ದರು.

ಅರುವತ್ತರ ದಶಕದ ಮಾತು. ಬೆಂಗಳೂರಿನಲ್ಲಿ ಬಿ.ಎ. ಓದುತ್ತಿದ್ದ ನನ್ನ ತಂಗಿ ಲೀಲಾ ರೇಡಿಯೋದಲ್ಲಿ ಹಾಡುವುದೆಂದು ನಿಶ್ಚಯವಾಯಿತು. ಒಂದೇ ಹಾಡು, ಸಂಜೆಯ ಹೊತ್ತು. ಅವಳನ್ನು ಹಾಡಲು ಬಿಡಬೇಕೆಂದು ಅಪ್ಪನ ಹತ್ತಿರ ಜಗಳ ಮಾಡಿದವಳು ನಾನು. ಹಾಗಾಗಿ ಆ ಹಾಡಿನಲ್ಲಿ ನನಗೂ ಒಂದು ಪಾಲುಂಟು ಎಂಬ ಜಂಭ. ಇವರು ಮಂಗಳೂರಿನಿಂದ ಹೊಸ ಟ್ರಾನ್ಸಿಸ್ಟರನ್ನೂ ತಂದರು. ಆದರೆ ಗುಡ್ಡದ ಬುಡದಲ್ಲಿದ್ದ ನಮ್ಮ ಮನೆಯಲ್ಲಿ ಅದು ದೋಸೆಕಲ್ಲಿಗೆ ನೀರು ಚಿಮುಕಿಸಿದಂತೆ ಚುಂಯ್ ಎನ್ನುತ್ತಿತ್ತೇ ಹೊರತು ಮಾತಾಡಲಿಲ್ಲ. ಹೊಳೆಯ ನಡುವೆ ಚೆನ್ನಾಗಿ ಕೇಳಿಸುತ್ತದೆಂದು ಇವರು ಕಂಡುಹಿಡಿದರು. ಸೇತುವೆಯ ಮೇಲೆ ನಿಲ್ಲಬಹುದಿತ್ತು, ಆದರೆ ಅರ್ಧ ಪೇಟೆ ಸುತ್ತ ನೆರೆಯುತ್ತಿತ್ತು. ಕೊನೆಗೆ ಮೀನು ಹಿಡಿಯುವ ಬಾಬಣ್ಣನ ದೋಣಿಯನ್ನು ಒಂದು ಸಂಜೆಗೆ ಕೇಳಿ ಪಡೆದದ್ದಾಯಿತು. ಹುಟ್ಟು ಹಾಕಲು ಬಾಬಣ್ಣನೂ ಬಂದ, ಬಲೆಯನ್ನೂ ತಂದ.

"ಬಲೆ ಯಾಕೆ ಮಾರಾಯ? ನಾವು ಪದ್ಯ ಕೇಳ್ಲಿಕ್ಕೆ ಹೋಗುವುದು" ಎಂದರು ಇವರು.

"ನಿಮ್ಮ ಪದ್ಯ ನೀವು ಕೇಳಿ ಧಣಿ. ಬಲೆ ಒದ್ದೆಯಾಗದೆ ನನ್ನ ದೋಣಿ ದಡಕ್ಕೆ ಬರ್ಲಿಕ್ಕಿಲ್ಲ. ಅಪ್ಪನ ಕಾಲದಿಂದ ಹಾಗೆ."

ಎರವಲು ದೋಣಿಯಲ್ಲಿ ಕುಳಿತವರು ವಾದ ಮಾಡಬಾರದು. ನೀರಿನ ನಡುವೆ ಟ್ರಾನ್ಸಿಸ್ಟರ್ ನಿಜಕ್ಕೂ ಸ್ವಚ್ಛವಾಗಿ ಮಾತಾಡಿತು. ಬಾಬಣ್ಣ ಬಲೆ ಬೀಸಿ ಎಳೆದ. ಬಲೆಯಿಂದ ಜಾರಿದ ಒಂದು ದೊಡ್ಡ ಮುಗುಡು ಮೀನು ನನ್ನ ಸೀರೆಯ ಮೇಲೆ ಬಿತ್ತು. ನಾನು ಕಾಲೆತ್ತಿ ಕೂಗಿದೆ. ಮಡಿಲಲ್ಲಿದ್ದ ಟ್ರಾನ್ಸಿಸ್ಟರ್ ಜಾರಿ ದೋಣಿಯ ತಳದ ನೀರಿನಲ್ಲಿ ಮೀನಿನ ಪಕ್ಕದಲ್ಲೇ ಮಲಗಿ ಸುಮ್ಮನಾಯಿತು.

ಹಾಡಿಗೆ ಇನ್ನು ಸ್ವಲ್ಪವೇ ಹೊತ್ತು. ಚೀಲದಲ್ಲಿದ್ದ ಇಂಗ್ಲಿಷ್ ಬುಕ್‌ಲೆಟ್ಟನ್ನು ಓದಬಲ್ಲವಳು ನಾನೊಬ್ಬಳೇ. ಕೆಟ್ಟರೆ ಹತ್ತಿರದ ಡೀಲರನ್ನು ಕಾಣಿರಿ ಎಂದು ಅದರಲ್ಲಿ ಬಹಳ ಪೊಲೈಟಾಗಿ ಬರೆದಿತ್ತು. ಹತ್ತಿರದವನು ಮಂಗಳೂರಿನಲ್ಲಿದ್ದ. ಇವರು ನನ್ನ ತುರುಬಿನಿಂದ ಹೇರ್‌ಪಿನ್ ಕಿತ್ತು ಹಿಂಬದಿಯ ಮುಚ್ಚಳ ತೆಗೆದರು, ಸೆಲ್ಲುಗಳನ್ನು ನನ್ನ ಸೆರಗಿನಲ್ಲಿ ಒರೆಸಿದರು, ಊದಿದರು. ಒಮ್ಮೆ ಕುಟ್ಟಿದರು ಕೂಡ. ಸದ್ದಿಲ್ಲ.

"ಎಣ್ಣೆ ಇದ್ದಿದ್ದರೆ..." ಎಂದು ಇವರು ಸುತ್ತ ನೋಡಿದರು. ಆಮೇಲೆ ನನ್ನ ತಲೆಯನ್ನು ನೋಡಿದರು.

ಆ ದಿನ ಬೆಳಿಗ್ಗೆಯೇ ಅತ್ತೆ ನನ್ನ ತಲೆಗೆ ಧಾರಾಳವಾಗಿ ಎಣ್ಣೆ ತಟ್ಟಿದ್ದರು. ಫಿಸಿಕ್ಸ್ ಓದಿದ ನಾನು 'ಡೋಂಟ್' ಎನ್ನಬೇಕಿತ್ತು. ಆದರೆ ತಂಗಿಯ ಹಾಡು ತಪ್ಪಿಹೋಗುವ ಹೊತ್ತಿನಲ್ಲಿ ಯಾವ ಸಿಸ್ಟರೂ ನೆನಪಾಗುವುದಿಲ್ಲ. ತುರುಬು ಬಿಚ್ಚಿ ತಲೆ ಬಗ್ಗಿಸಿದೆ. ಇವರು ಬೆರಳಿಗೆ ಎಣ್ಣೆ ಮಾಡಿಕೊಂಡು ಸ್ಪ್ರಿಂಗಿಗೂ ತಂತಿಗಳಿಗೂ, ಕಂಡಕಂಡಲ್ಲೆಲ್ಲ ಸವರಿದರು. ನಂಬಿದರೆ ನಂಬಿ, ಗೊರ್ ಎಂದು ಗಂಟಲು ಸರಿಮಾಡಿಕೊಂಡು ಟ್ರಾನ್ಸಿಸ್ಟರ್ ಮಾತಾಡಿತು. ಈಗ ಹಾಡುವವರು ಕುಮಾರಿ ಲೀಲಾ ಎಂದಿತು. ತಂಬೂರಿಯ ಶ್ರುತಿ ಒಮ್ಮೆ ಮಿಡಿಯಿತು. ಅಷ್ಟೇ. ಆಮೇಲೆ ನೀರಿನ ಸದ್ದೊಂದೇ.

ಬಾಬಣ್ಣ ಬಲೆ ಮಡಚಿಟ್ಟ. "ಹೆಸರು ಕೇಳ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಧಣಿ? ಈ ಅಮ್ಮನ ಹತ್ರ ಕೇಳಿದ್ರೆ ಮನೆಯಲ್ಲೇ ಹೇಳ್ತಿದ್ರು" ಎಂದು ದೋಣಿ ತಿರುಗಿಸಿದ. ಮೀನನ್ನು ನಮಗೇ ಕೊಟ್ಟ. ಅತ್ತೆಗೆ ಸಾರು ಬಹಳ ಇಷ್ಟವಾಯಿತು.

ರಜೆಯಲ್ಲಿ ಬಂದ ಲೀಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಈಗಲೇ ಒಮ್ಮೆ ಹಾಡು ಎಂದೆ. "ಒಲೆ ಮೇಲೆ ಹಾಲುಂಟು ಅಕ್ಕ, ಮತ್ತೆ ಹಾಡ್ತೇನೆ. ಮುಂದಿನ ಸಲ ನೀನು ಬೆಂಗಳೂರಿಗೇ ಬಾ, ದೋಣಿ ಬೇಡ" ಎಂದಳು. ಮುಂದಿನ ಸಲ ಬರಲಿಲ್ಲ. ಮೂಡುಬಿದಿರೆಯ ಕಡೆ ಅವಳು ಮದುವೆಯಾಗಿ ಸೇರಿದ ಮನೆಯಲ್ಲಿ ಹೆಂಗಸರ ಸ್ವರ ಜಗಲಿಗೆ ಕೇಳಿಸಬಾರದಂತೆ. ಆಮೇಲೆ ನಾವಿಬ್ಬರೂ ಎಷ್ಟು ಸಲ ಒಟ್ಟಿಗೆ ಕುಳಿತೆವು! ಮಕ್ಕಳು, ಬಾಣಂತನ, ಉಪ್ಪಿನಕಾಯಿ ಎಲ್ಲ ಮಾತಾಡಿದೆವು. ಹಾಡೊಂದನ್ನು ಕೇಳುವುದು ಉಳಿದೇಹೋಯಿತು. ಈಗ ಲೀಲಾ ಇಲ್ಲ, ಇವರೂ ಇಲ್ಲ.

ಟ್ರಾನ್ಸಿಸ್ಟರ್ ಮಾತ್ರ ಉಂಟು. ಮುಚ್ಚಳ ತೆಗೆದರೆ ಎಣ್ಣೆಯ ಕಮಟು, ಅದರ ಹಿಂದೆ ಸ್ವಲ್ಪ ಹೊಳೆ. "ಅಜ್ಜಿ, ಇದು ಇನ್ನು ರಿಪೇರಿ ಆಗ್ಲಿಕ್ಕಿಲ್ಲ, ಬಿಸಾಡಿ" ಎನ್ನುತ್ತಾಳೆ ಮೊಮ್ಮಗಳು. ಅದು ನನಗೂ ಗೊತ್ತು, ಫಿಸಿಕ್ಸ್ ಓದಿದವಳಲ್ಲವೇ? ಆದರೂ ಪ್ರತಿ ಮಳೆಗಾಲಕ್ಕೆ ಮೊದಲು ಬಾಟಲಿ ತಂದು ಅದರ ಸ್ಪ್ರಿಂಗಿಗೆ ಒಂದು ತೊಟ್ಟು ಎಣ್ಣೆ ಹಚ್ಚಿಡುತ್ತೇನೆ. ತುಕ್ಕು ಹಿಡಿಯಬಾರದಲ್ಲ.